ನೂರಕ್ಕೆ ಮೂರು ಕಡಿಮೆ

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ನಡೆಸುವುದು ನನ್ನ ಕೆಲಸ. ಪಾಲಿಶ್ ಮಾಡಿದ ಕಲ್ಲಿನ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟು, ಹೊರಬರುವ ಎಕ್ಸ್-ಕಿರಣಗಳಿಂದ ಸಿಲಿಕಾ ಎಷ್ಟು, ಕಬ್ಬಿಣ ಎಷ್ಟು, ಸೋಡಿಯಂ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ನಮಗೆ ಬರುವುದು ಹೆಚ್ಚಾಗಿ ನಮ್ಮ ಕಡೆಯ ಹಳೆಯ ಕಲ್ಲುಗಳೇ. ಈಚೆಗೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಐಸ್‌ಲ್ಯಾಂಡಿನಲ್ಲಿ ಹಿಮನದಿಯ ಅಡಿಯಲ್ಲೇ ಉಕ್ಕಿ ತಣ್ಣಗಾದ ಲಾವಾದ ಗಾಜಿನ ಚೂರುಗಳನ್ನು ತಂದರು. ಅಳೆದ ಶೇಕಡಾ ಅಂಕಿಗಳನ್ನೆಲ್ಲ ಕೂಡಿದ ಟೋಟಲ್ ನೂರರ ಹತ್ತಿರ ಬರಬೇಕು. ಸಿಲಿಕಾ ಕಡಿಮೆ ಇರುವ ಬಸಾಲ್ಟ್ ಚೂರುಗಳದ್ದು 99ರ ಮೇಲೆ ಬಂತು, ಚಿಂತೆಯಿಲ್ಲ. ಸಿಲಿಕಾ ಹೆಚ್ಚಿರುವ ರಯೊಲೈಟ್ ಚೂರುಗಳದ್ದು 97ರಲ್ಲೇ ನಿಂತಿತು.

"ಮೇಡಂ, ನೂರಕ್ಕೆ ನಾರ್ಮಲೈಸ್ ಮಾಡ್ಬಿಡ್ಲಾ?"

"ಈಗ್ಲೇ ಬೇಡಮ್ಮ. ಆ ಮೂರು ಎಲ್ಲಿ ಹೋಯ್ತು ಅಂತ ಮೊದ್ಲು ಹುಡುಕೋಣ."

ನಾರ್ಮಲೈಸ್ ಎಂದರೆ ಎಲ್ಲ ಅಂಕಿಗಳನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ಟೋಟಲ್ ಅನ್ನು ನೂರಕ್ಕೆ ತರುವುದು. ಪ್ರೋಬಿಗೆ ಹೈಡ್ರೋಜನ್ ಕಾಣುವುದಿಲ್ಲ. ಹಾಗಾಗಿ ಗಾಜಿನೊಳಗೆ ನೀರಿದ್ದರೆ ಅದು ಟೋಟಲ್‌ನಲ್ಲಿ ಕೊರತೆಯಾಗಿಯೇ ತೋರುತ್ತದೆ. ಹಿಮದಡಿಯ ಜ್ವಾಲಾಮುಖಿಯ ವಿಷಯದಲ್ಲಿ ಈ ಕೊರತೆಗೆ ವಿಶೇಷ ಬೆಲೆಯಿದೆ. ಬಯಲಿನಲ್ಲಿ ಉಕ್ಕಿದ ಲಾವಾ ತನ್ನ ನೀರನ್ನೆಲ್ಲ ಆವಿಯಾಗಿ ಬಿಟ್ಟುಬಿಡುತ್ತದೆ, ಉಳಿಯುವುದು ಶೇಕಡಾ 0.1ರ ಆಸುಪಾಸು. ಮೇಲೆ 1 ಕಿಲೋಮೀಟರ್ ದಪ್ಪ ಮಂಜುಗಡ್ಡೆ ಇದ್ದರೆ ಸುಮಾರು 90 ವಾತಾವರಣದಷ್ಟು ಒತ್ತಡ ಬೀಳುತ್ತದೆ. ಆಗ ಶೇಕಡಾ 1ರಷ್ಟು ನೀರು ಕರಗಿಯೇ ಉಳಿದು, ಶಿಲಾರಸ ಥಟ್ಟನೆ ಗಾಜಾದಾಗ ಒಳಗೆ ಸಿಕ್ಕಿಬೀಳುತ್ತದೆ. ಅಂದರೆ ಸಾವಿರಾರು ವರ್ಷಗಳ ಹಿಂದೆ ಕರಗಿಹೋದ ಹಿಮನದಿಯ ದಪ್ಪವನ್ನು ಬೆರಳುಗುರಿಗಿಂತ ಚಿಕ್ಕ ಗಾಜಿನ ಚೂರಿನಿಂದ ಅಂದಾಜು ಮಾಡಬಹುದು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಾರ್ಮಲೈಸ್ ಮಾಡಿದರೆ ಅಳಿಸಿಹೋಗುವುದು ಇದೇ ಮಾಹಿತಿ.

ಆದರೆ 3 ಎಂಬ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಶೇಕಡಾ 3 ನೀರನ್ನು ರಯೊಲೈಟಿನಲ್ಲಿ ಹಿಡಿದಿಡಲು 5 ಕಿಲೋಮೀಟರಿಗೂ ಹೆಚ್ಚು ಮಂಜುಗಡ್ಡೆ ಬೇಕು. ಅಂಟಾರ್ಕ್ಟಿಕಾದಲ್ಲೂ ಅಷ್ಟು ದಪ್ಪವಿಲ್ಲ, ಐಸ್‌ಲ್ಯಾಂಡಿನ ಮಾತಂತೂ ಬೇಡ.

ಹಾಗಾಗಿ ಮೊದಲು ನಮ್ಮ ಯಂತ್ರವನ್ನೇ ವಿಚಾರಿಸಿಕೊಂಡೆವು. ನೀರಿರುವ ಗಾಜಿನ ಮೇಲೆ ಸಣ್ಣ ಚುಕ್ಕೆಯಾಗಿ ಬಲವಾದ ಕಿರಣ ಬಿಟ್ಟರೆ ಸೋಡಿಯಂ ಆ ಜಾಗದಿಂದ ಸರಿದುಹೋಗುತ್ತದೆ, ಸೆಕೆಂಡುಗಳು ಕಳೆದಂತೆ ಅದರ ಎಕ್ಸ್-ಕಿರಣಗಳ ಎಣಿಕೆ ಇಳಿಯುತ್ತಾ ಬರುತ್ತದೆ. ಕಿರಣವನ್ನು 10 ಮೈಕ್ರಾನಿಗೆ ಅಗಲಿಸಿ, ಕರೆಂಟನ್ನು ಕೆಲವೇ ನ್ಯಾನೋ ಆಂಪಿಯರಿಗೆ ಇಳಿಸಿ, ಸೋಡಿಯಂ ಅನ್ನು ಎಲ್ಲಕ್ಕಿಂತ ಮೊದಲು ಅಳೆದೆವು. ಟೋಟಲ್ ಸ್ವಲ್ಪ ಮೇಲೇರಿತು. ಆ ಸ್ವಲ್ಪವೂ ದೊಡ್ಡದೇ. ಜ್ವಾಲಾಮುಖಿ ಕಲ್ಲಿಗೆ ಹೆಸರಿಡುವುದು ಸಿಲಿಕಾ ಎದುರು ಸೋಡಿಯಂ-ಪೊಟ್ಯಾಸಿಯಂ ಮೊತ್ತವನ್ನಿಟ್ಟು ನೋಡುವ ನಕ್ಷೆಯಲ್ಲಿ. ಸೋಡಿಯಂ ಶೇಕಡಾ 1ರಷ್ಟು ತಪ್ಪಿದರೆ ಕಲ್ಲು ಪಕ್ಕದ ಮನೆಗೆ ಹೋಗಿಬಿಡಬಹುದು, ಅದರ ಜೊತೆ ಅದರ ಹುಟ್ಟಿನ ಕಥೆಯೂ ತಪ್ಪುತ್ತದೆ.

ಹುಟ್ಟಿನ ಕಥೆ ಎಷ್ಟು ಮುಖ್ಯ ಎನ್ನುವುದಕ್ಕೆ 2010ರಲ್ಲಿ ಉಕ್ಕಿದ ಐಸ್‌ಲ್ಯಾಂಡಿನ ಜ್ವಾಲಾಮುಖಿ ಎಯ್ಯಾಫ್ಯಾಟ್ಲಾಯೋಕುಲ್ ಸಾಕು. ಮಾರ್ಚ್ 20ರಂದು ಅದರ ಪಕ್ಕದ ಹಿಮವಿಲ್ಲದ ಇಳಿಜಾರಿನಲ್ಲಿ ಬಸಾಲ್ಟ್ ಶಾಂತವಾಗಿ ಹರಿಯಿತು. ಏಪ್ರಿಲ್ 14ಕ್ಕೆ ಹಿಮ ಹೊದ್ದ ಶಿಖರವೇ ಸಿಡಿಯಿತು. ಆಗ ಬಂದದ್ದು ಬಸಾಲ್ಟಿಗಿಂತ ಸಿಲಿಕಾ ಹೆಚ್ಚಿರುವ ಟ್ರಾಕಿಆಂಡಿಸೈಟ್, ಸಿಲಿಕಾ ಶೇಕಡಾ 58ರ ಆಸುಪಾಸು. ಕೆಳಗಿನಿಂದ ಏರಿದ ಹೊಸ ಬಸಾಲ್ಟ್, ಒಳಗೆ ಉಳಿದಿದ್ದ ಹಳೆಯ ಸಿಲಿಕಾಭರಿತ ಶಿಲಾರಸದ ಜೊತೆ ಬೆರೆತಿತ್ತು. ಅಂಟಾದ ಶಿಲಾರಸ, ಒಳಗಿನ ಅನಿಲ, ಮೇಲಿನ ಹಿಮದ ನೀರು ಸೇರಿ ನುಣ್ಣನೆಯ ಬೂದಿಯೆದ್ದು ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತವು. ಸಿಡಿಯುವ ರೀತಿಯನ್ನು ಹಿಮ ಬದಲಿಸಬಲ್ಲದು. ಶಿಲಾರಸದ ರಸಾಯನ ಮಾತ್ರ ಆಳದಲ್ಲೇ ನಿಶ್ಚಯವಾಗಿರುತ್ತದೆ: ಮ್ಯಾಂಟಲ್ ಮೇಲೇರುವಾಗ ಒತ್ತಡ ಇಳಿದು ಕರಗುವುದು, ದಾರಿಯಲ್ಲಿ ಒಲಿವಿನ್, ಪೈರಾಕ್ಸೀನ್ ಎಂಬ ಖನಿಜಗಳು ಹರಳುಗಟ್ಟಿ ಬೇರೆಯಾಗುವುದು, ಹಳೆಯ ಬಸಾಲ್ಟ್ ಮತ್ತೆ ಕರಗಿ ರಯೊಲೈಟ್ ಆಗುವುದು. ಅಲ್ಲಿಗೂ ಹಿಮದ ಕೈ ಒಂದು ದಾರಿಯಲ್ಲಿ ಚಾಚುತ್ತದೆ. ಹಿಮಯುಗ ಮುಗಿದು ಭಾರ ಇಳಿದಾಗ ಮ್ಯಾಂಟಲ್ ಹೆಚ್ಚು ಕರಗಿತು, ಐಸ್‌ಲ್ಯಾಂಡಿನಲ್ಲಿ ಲಾವಾ ಹಲವು ಪಟ್ಟು ಹೆಚ್ಚಾಗಿ ಉಕ್ಕಿತು, ಆ ಕಾಲದ ಬಸಾಲ್ಟ್‌ಗಳಲ್ಲಿ ಲ್ಯಾಂಥನಮ್‌ನಂಥ ಧಾತುಗಳು ತೆಳುವಾದವು.

ಮತ್ತೆ ನಮ್ಮ ಚೂರಿಗೆ ಬರೋಣ. ಸೋಡಿಯಂ ಸರಿಪಡಿಸಿದ ಮೇಲೂ ಎರಡಕ್ಕಿಂತ ಹೆಚ್ಚು ಕೊರತೆ ಉಳಿಯಿತು. ನೀರು ಯಾವ ರೂಪದಲ್ಲಿದೆ ಎಂದು ತೋರಿಸುವ ಇನ್ಫ್ರಾರೆಡ್ ಪರೀಕ್ಷೆಗೆ ಕಳಿಸಿದೆವು. ಅಷ್ಟು ಕಡಿಮೆ ಒತ್ತಡದಲ್ಲಿ ಬಿಸಿ ಶಿಲಾರಸದಲ್ಲಿ ಕರಗಿದ ಅಲ್ಪ ನೀರು ಬಹುಪಾಲು ಹೈಡ್ರಾಕ್ಸಿಲ್ (ನೀರಿನ ಅಣು ಒಡೆದು ಆಗುವ OH) ರೂಪದಲ್ಲಿರುತ್ತದೆ. ತಣ್ಣಗಾದ ಎಷ್ಟೋ ಕಾಲದ ನಂತರ ಮಳೆ-ಹಿಮದಿಂದ ಗಾಜು ಹೀರಿದ ನೀರು ಇಡೀ ಅಣುವಾಗಿಯೇ ಇರುತ್ತದೆ. ಇಲ್ಲಿ ಸಿಕ್ಕಿದ್ದು ಹೆಚ್ಚಿನಂಶ ಎರಡನೆಯದು. ಹೈಡ್ರಾಕ್ಸಿಲ್ ಒಂದನ್ನೇ ಹಿಡಿದು ಲೆಕ್ಕ ಹಾಕಿದಾಗ ನೀರು ಶೇಕಡಾ 1ರ ಕೆಳಗೆ ಬಂತು, ಹಿಮ ಕೆಲವು ನೂರು ಮೀಟರ್. ಹಿಮದಡಿಯ ನೀರು ಬಸಿದುಹೋಗಿದ್ದರೆ ಒತ್ತಡ ಇನ್ನೂ ಕಡಿಮೆ ಇದ್ದಿರಬಹುದು, ಅದನ್ನೂ ವಿದ್ಯಾರ್ಥಿನಿ ಬರೆದುಕೊಂಡರು.

ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನಾಕಾರದಲ್ಲಿ ಗಟ್ಟಿಯಾದ ದಿಂಬು ಲಾವಾ ನೋಡಿದವರಿಗೆ ಈ ಕೆಲಸದ ಆಕರ್ಷಣೆ ಬೇಗ ಅರ್ಥವಾಗುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ಅದು, ಹಿಮನದಿಯ ಅಡಿಯಲ್ಲೂ ಅಂಥದೇ ದಿಂಬುಗಳಾಗುತ್ತವೆ. ಆದರೆ ನಮ್ಮ ದಿಂಬುಗಳ ಗಾಜು ಎಂದೋ ಕ್ಲೋರೈಟ್ ಎಂಬ ಬೇರೆಯೇ ಖನಿಜವಾಗಿಬಿಟ್ಟಿದೆ. ನೀರಿನ ಈ ಪ್ರಶ್ನೆಯನ್ನು ಅದಕ್ಕೆ ಕೇಳುವಂತಿಲ್ಲ. ಐಸ್‌ಲ್ಯಾಂಡಿನ ಗಾಜಿಗೆ ಇನ್ನೂ ಕೇಳಬಹುದು.

ಈಗ ನಮ್ಮಲ್ಲಿ ಗಾಜಿನ ಯಾವ ಸ್ಯಾಂಪಲ್ ಬಂದರೂ ಮೂಲ ಟೋಟಲ್ ಇರುವ ಶೀಟನ್ನೇ ಮೊದಲು ಕೊಡುತ್ತೇವೆ, ನಾರ್ಮಲೈಸ್ ಮಾಡಿದ್ದು ಬೇರೆ ಶೀಟಿನಲ್ಲಿ. ಕಿರಣದ ಅಗಲ, ಕರೆಂಟು, ಸೋಡಿಯಂ ಅಳೆದ ಸರದಿ ಅದರ ಮೇಲೇ ಬರೆದಿರುತ್ತದೆ. ಸ್ಯಾಂಪಲ್ ಕಳಿಸುವವರು ಚೂರು ಕಲ್ಲಿನ ಹೊರಮೈಯದೋ ಒಳಗಿನದೋ ಎಂದು ಒಂದು ಸಾಲು ಬರೆದು ಕಳಿಸಿದರೆ, ನಮ್ಮ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.