ಪ್ರಬಂಧಕ್ಕೆ ಹಳ್ಳಿಗೆ ಹೋಗುವ ಮುಂಚೆ ಮಗುವಿನ ವಯಸ್ಸು ಹಿಡಿಯುವುದನ್ನು ಕಲಿಯಿರಿ

ಮಕ್ಕಳ ಮೇಲೆ ಪ್ರಬಂಧ ಬರೆಯಲು ಎಂಎಸ್‌ಡಬ್ಲ್ಯು, ಎಂಎ ವಿದ್ಯಾರ್ಥಿಗಳು ಕೊಪ್ಪಳ, ಕುಷ್ಟಗಿ, ಸಿಂಧನೂರು ಕಡೆಯ ಹಳ್ಳಿಗಳಿಗೆ ಹೋಗುತ್ತಾರೆ. ಪ್ರಶ್ನಾವಳಿ ಹತ್ತಾರು ಪುಟ, ವಯಸ್ಸಿಗೆ ಮಾತ್ರ ಒಂದೇ ಖಾನೆ. ಅಂಥ ಪ್ರಬಂಧಗಳನ್ನು ತಿದ್ದುವ ಕೆಲಸದಲ್ಲಿರುವ ನಾವು ಮೊದಲು ನೋಡುವುದು ಆ ಖಾನೆಯನ್ನೇ. ಅಲ್ಲಿ 5, 10, 15 ರಾಶಿ ಬಿದ್ದಿದ್ದರೆ ಅದು ಕೇಳಿ ಬರೆದದ್ದಲ್ಲ, ಅಂದಾಜಿಗೆ ತುಂಬಿದ್ದು.

ಇದು ಸಣ್ಣ ವಿಷಯವಲ್ಲ. 80 ಸೆಂ.ಮೀ. ಉದ್ದದ ಗಂಡುಮಗು 18 ತಿಂಗಳಿನದ್ದಾದರೆ ಕುಂಠಿತ ಬೆಳವಣಿಗೆಯ (ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ) ಪಟ್ಟಿಗೆ ಸೇರುವುದಿಲ್ಲ, 24 ತಿಂಗಳಿನದ್ದಾದರೆ ಸೇರುತ್ತದೆ. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ) ಮಾಡುವ ಹುಡುಗಿಗೆ 13 ಅಂತ ಬರೆದರೆ ಬಾಲಕಾರ್ಮಿಕ ಕಾಯ್ದೆಯ ಒಂದು ನಿಯಮ, 14 ತುಂಬಿದ್ದರೆ ಇನ್ನೊಂದು.

ದಾಖಲೆ ನೋಡುವಾಗ ತಾಯಿ ಕಾರ್ಡ್ (ಬಸುರಿಗೆ ಆರೋಗ್ಯ ಇಲಾಖೆ ಕೊಡುವ ತಾಯಿ-ಮಗುವಿನ ಕಾರ್ಡ್) ಮತ್ತು ಜನನ ಪ್ರಮಾಣಪತ್ರ ಮೊದಲು, ಅಂಗನವಾಡಿ ರಿಜಿಸ್ಟರ್ ಆಮೇಲೆ, ಶಾಲೆಯ ದಾಖಲಾತಿ ಮತ್ತು ಆಧಾರ್ ಕೊನೆಗೆ. ಬಾಲನ್ಯಾಯ ಕಾಯ್ದೆ 2015ರ ಕಲಂ 94 ವಯಸ್ಸು ನಿರ್ಧರಿಸಲು ಶಾಲೆಯ ದಾಖಲೆಗೇ ಮೊದಲ ಸ್ಥಾನ ಕೊಟ್ಟಿದೆ ನಿಜ. ಅದು ಕಾನೂನು ಪ್ರಕರಣದ ಮಾತು, ಸಂಶೋಧನೆಯದ್ದಲ್ಲ. ಶಾಲೆಯ ಪುಸ್ತಕದಲ್ಲಿ ಸಾಲು ಸಾಲಾಗಿ ಜೂನ್ 1 ಕಂಡರೆ ಅದು ಹುಟ್ಟಿದ ದಿನವಲ್ಲ, ಒಂದನೇ ತರಗತಿಗೆ ಸೇರಿಸಲು ಹಾಕಿದ ದಿನ.

ಯಾವ ಕಾಗದವೂ ಇಲ್ಲದಿದ್ದರೆ ಹಬ್ಬ-ಜಾತ್ರೆಗಳ ಪಟ್ಟಿ ಒಯ್ಯಿರಿ. "ಎಷ್ಟು ವರ್ಷ?" ಅಂತ ಕೇಳಬೇಡಿ. "ಯಕ್ಕಾ, ಇದು ಹುಟ್ಟಿದಾಗ ಅಜ್ಜನ ಜಾತ್ರಿ ಆಗಿತ್ತೇನ್ರಿ?" ಅಂತ ಕೇಳಿ (ಅಜ್ಜನ ಜಾತ್ರಿ ಅಂದರೆ ಜನವರಿಯಲ್ಲಿ ಬರುವ ಕೊಪ್ಪಳ ಗವಿಮಠದ ಜಾತ್ರೆ). "ಜಾತ್ರಿ ಆಗಿ ಪಂಚಮಿಗೆ ಮುಂಚೆ" ಅಂದರೆ ಜನವರಿಯಿಂದ ಜುಲೈ-ಆಗಸ್ಟ್ ವರೆಗಿನ ಗಡಿ ಸಿಕ್ಕಿತು. ಹುಲಿಗೆಮ್ಮನ ಜಾತ್ರೆ, ಮುಂಗಾರು ಬಿತ್ತನೆ ಕೇಳಿ ಅದನ್ನೂ ಕಿರಿದು ಮಾಡಿ. ವರ್ಷ ಹಿಡಿಯಲು ಅಕ್ಕಪಕ್ಕದ ಮನೆಯ, ಜನನ ಪ್ರಮಾಣಪತ್ರವಿರುವ ಮಗುವಿಗಿಂತ ದೊಡ್ಡದೋ ಚಿಕ್ಕದೋ ಎಂದು ಹೋಲಿಸಿ. ಅಲಾಯಿ ಹಬ್ಬದ ಲೆಕ್ಕದಲ್ಲಿ ಮಾತ್ರ ಎಚ್ಚರ: ಮೊಹರಂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ಅಕ್ಟೋಬರ್‌ನಲ್ಲಿತ್ತು, 2024ರಲ್ಲಿ ಜುಲೈಗೆ ಬಂತು. ವರ್ಷ ಖಚಿತವಾದ ಮೇಲಷ್ಟೇ ಅದನ್ನು ಬಳಸಿ.

ತಿಂಗಳು ಸಿಕ್ಕಿ ತಾರೀಖು ಸಿಗದಿದ್ದರೆ 15 ಅಂತ ಹಾಕಿ. ವರ್ಷವಷ್ಟೇ ಸಿಕ್ಕರೆ ಆ ಮಗುವನ್ನು ವಯಸ್ಸಿಗೆ ತಕ್ಕ ಎತ್ತರದ ಲೆಕ್ಕದಿಂದ ಬಿಡಿ. ಎತ್ತರಕ್ಕೆ ತಕ್ಕ ತೂಕದ ಲೆಕ್ಕಕ್ಕೆ ತಿಂಗಳು ಬೇಕಿಲ್ಲ. ರಟ್ಟೆ ಸುತ್ತಳತೆಗೂ ಮಗು 6ರಿಂದ 59 ತಿಂಗಳೊಳಗಿದೆ ಎಂಬುದಷ್ಟೇ ಸಾಕು, 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೇಲ್ಪಟ್ಟವರನ್ನು ನಿಲ್ಲಿಸಿ ಅಳೆಯಬೇಕು. ವಯಸ್ಸು ತಿಳಿಯದಿದ್ದರೆ 87 ಸೆಂ.ಮೀ. ಗಡಿ. ಅಳುವ ಎರಡೂವರೆ ವರ್ಷದ ಮಗುವನ್ನು ಮಲಗಿಸಿಯೇ ಅಳೆಯಬೇಕಾಗಿ ಬಂದರೆ 0.7 ಸೆಂ.ಮೀ. ಕಳೆಯಿರಿ.

ವಯಸ್ಸಿನ ಪಕ್ಕದಲ್ಲಿ ಇನ್ನೊಂದು ಖಾನೆ ಹಾಕಿ: ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ 1, ರಿಜಿಸ್ಟರ್ 2, ಶಾಲೆ ಅಥವಾ ಆಧಾರ್ 3, ಜಾತ್ರೆ-ಹಬ್ಬದ ಲೆಕ್ಕ 4. ಕೊನೆಯಲ್ಲಿ ಕೋಷ್ಟಕವನ್ನು ಎರಡು ಸಲ ಮಾಡಿ, ಒಂದು ಎಲ್ಲರನ್ನೂ ಸೇರಿಸಿ, ಇನ್ನೊಂದು 1 ಮತ್ತು 2 ಇರುವ ಮಕ್ಕಳದ್ದಷ್ಟೇ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಅದನ್ನು ಮುಚ್ಚಿಡದೆ ಪ್ರಬಂಧದಲ್ಲೇ ಬರೆಯಿರಿ. ತಾಯಿ ಕಾರ್ಡ್ ಇಲ್ಲದ ಮಕ್ಕಳು ಹೆಚ್ಚಾಗಿ ಗುಳೆ ಹೋದ ಮನೆಯವರು. ಅವರನ್ನು ಕೈಬಿಟ್ಟ ಕೋಷ್ಟಕ ಹಳ್ಳಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ.