ಗ್ರ್ಯಾವೆಲ್ ಬೈಕ್ ಜೋಡಣೆ: ಬಾಟಮ್ ಬ್ರ್ಯಾಕೆಟ್‌ನ ಕಿರ್ರ್ ಸದ್ದು ಕೊನೆಗೂ ನಿಂತಿತು

ಮಣ್ಣು, ಜಲ್ಲಿಯ ದಾರಿಗೆಂದು ನಾನು ಜೋಡಿಸಿದ ಗ್ರ್ಯಾವೆಲ್ ಸೈಕಲ್ಲಿನ ಅಲ್ಯೂಮಿನಿಯಂ ಫ್ರೇಮಿನ ಬಾಟಮ್ ಬ್ರ್ಯಾಕೆಟ್‌ನಿಂದ, ಅಂದರೆ ಪೆಡಲಿನ ಕ್ರ್ಯಾಂಕ್ ತಿರುಗುವ ಬೇರಿಂಗುಗಳ ಜಾಗದಿಂದ, ಬರುತ್ತಿದ್ದ ಸದ್ದು ನಿಂತಿದೆ. ಕೇಬಲ್ ಎಳೆದದ್ದು, ಹೈಡ್ರಾಲಿಕ್ ಬ್ರೇಕಿನ ಗಾಳಿ ತೆಗೆದದ್ದು, 40 ಮಿ.ಮೀ. ಟೈರುಗಳನ್ನು ಟ್ಯೂಬ್‌ಲೆಸ್ ಆಗಿ ಕೂರಿಸಿದ್ದು ಎಲ್ಲರಿಗೂ ಗೊತ್ತಿರುವ ಕೆಲಸಗಳಾದ್ದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ. ಇಡೀ ಜೋಡಣೆಯಲ್ಲಿ ನನ್ನ ಸಮಯವನ್ನೂ ಸಹನೆಯನ್ನೂ ಅತಿ ಹೆಚ್ಚು ತಿಂದದ್ದು ಆ ಒಂದೇ ತೊಂದರೆ. ಪ್ರೆಸ್‌ಫಿಟ್ ಫ್ರೇಮ್ (ಬೇರಿಂಗ್ ಹೊತ್ತ ಕಪ್ಪುಗಳನ್ನು ಥ್ರೆಡ್ ಇಲ್ಲದೆ ಒತ್ತಿ ಕೂರಿಸುವಂಥದ್ದು) ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಬಹುದೆಂದು ಅದನ್ನಷ್ಟೇ ವಿವರವಾಗಿ ಬರೆಯುತ್ತಿದ್ದೇನೆ.

ಫ್ರೇಮಿನದು ಬಿಬಿ86 ಮಾದರಿ, ಅಂದರೆ ಕಪ್ಪುಗಳು ಕೂರುವ ಕೊಳವೆಯಾದ ಶೆಲ್ಲಿನ ಅಗಲ 86.5 ಮಿ.ಮೀ., ಒಳವ್ಯಾಸ 41 ಮಿ.ಮೀ. ಕ್ರ್ಯಾಂಕ್ 24 ಮಿ.ಮೀ. ಸ್ಪಿಂಡಲ್‌ನ (ಅಚ್ಚಿನ) ಶಿಮಾನೊ ಜಿಆರ್‌ಎಕ್ಸ್. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಯಾವ ಸದ್ದೂ ಇರುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಕಡೆಯ ಕೆಮ್ಮಣ್ಣಿನ ಏರುಗಳಲ್ಲಿ ಸಣ್ಣ ಗೇರಿಗೆ ಇಳಿದು ಬಲವಾಗಿ ತುಳಿದಾಗ ಮಾತ್ರ, ಬಲಗಾಲು ಕೆಳಗೆ ಹೋದ ಪ್ರತಿ ಸುತ್ತಿಗೂ ಒಂದು ಕಿರ್ರ್ ಬರುತ್ತಿತ್ತು. ಮಳೆಯಲ್ಲಿ ನೆನೆದರೆ ಅಥವಾ ಸೈಕಲ್ ತೊಳೆದರೆ ಸದ್ದು ಅಡಗಿ, ಒಣಗಿದ ಮೇಲೆ ಮೊದಲಿಗಿಂತ ಜೋರಾಗಿ ಮರಳುತ್ತಿತ್ತು. ಕಪ್ಪಿಗೂ ಶೆಲ್ಲಿಗೂ ನಡುವೆ ಇಳಿದ ನೀರು ಸ್ವಲ್ಪ ಹೊತ್ತು ಎಣ್ಣೆಯ ಕೆಲಸ ಮಾಡುತ್ತದೆ. ನೀರು ಆರಿದಾಗ ಅದು ಹೊತ್ತು ತಂದ ನುಣುಪಾದ ಧೂಳು ಅಲ್ಲೇ ಉಳಿಯುತ್ತದೆ. ಹೀಗೆ ಒದ್ದೆಯಾದಾಗ ಸುಮ್ಮನಾಗುವ ಸದ್ದು ಬೇರಿಂಗಿನದಾಗಿರುವ ಸಾಧ್ಯತೆ ಕಡಿಮೆ. ಒಂದರ ಮೇಲೊಂದು ಉಜ್ಜುವ ಎರಡು ಮೇಲ್ಮೈಗಳನ್ನು ಅನುಮಾನಿಸುವುದೇ ಸರಿ.

ಆದರೂ ಸೈಕಲ್ಲಿನ ಸದ್ದಿನ ವಿಷಯದಲ್ಲಿ ಕಿವಿಯನ್ನು ನಂಬಲಾಗದು. ಟೊಳ್ಳು ಕೊಳವೆಗಳು ಸದ್ದನ್ನು ಎಲ್ಲಿಂದೆಲ್ಲಿಗೋ ಒಯ್ಯುತ್ತವೆ. ಹಿಂಚಕ್ರದ ನಡುವೆ ಹಾಯುವ ಅಚ್ಚು, ಥ್ರೂ ಆಕ್ಸಲ್, ಒಣಗಿದ್ದರೂ ಕಾಲ ಕೆಳಗೇ ಏನೋ ಮುರಿಯುತ್ತಿರುವಂತೆ ಕೇಳಿಸುತ್ತದೆ. ಆದ್ದರಿಂದ ಪೆಡಲ್ ಬದಲಿಸಿದೆ, ನಿಂತು ತುಳಿದು ಸೀಟ್ ಪೋಸ್ಟನ್ನು ಪಟ್ಟಿಯಿಂದ ತೆಗೆದೆ, ಚೈನ್‌ರಿಂಗ್ ಬೋಲ್ಟುಗಳನ್ನು ಬಿಚ್ಚಿ ಒರೆಸಿ ಬಿಗಿದೆ, ಆಕ್ಸಲಿಗೂ ಗೇರು ಬದಲಿಸುವ ಡಿರೇಲರ್ ತೂಗುವ ಹ್ಯಾಂಗರಿನ ಹಿಂಬದಿಗೂ ಗ್ರೀಸ್ ಸವರಿದೆ. ಕೊನೆಗೆ ಗೆಳೆಯರೊಬ್ಬರು ಬ್ರೇಕ್ ಹಿಡಿದು ಬಲ ಪೆಡಲ್ ಮೇಲೆ ಭಾರ ಹಾಕಿದಾಗ, ಕಪ್ಪಿನ ಅಂಚು ಶೆಲ್ಲಿಗೆ ತಾಗುವ ಗೆರೆಯ ಮೇಲೆ ಬೆರಳ ತುದಿಯಿಟ್ಟು ಕೂತೆ. ಸದ್ದಿನ ಜೊತೆಗೇ ಒಂದು ಸಣ್ಣ ಮಿಡಿತ ಬೆರಳಿಗೆ ತಾಗಿತು. ಎಡಬದಿಯಲ್ಲಿ ಅದು ಇರಲಿಲ್ಲ.

ಬಲಗಡೆಯ ಕಪ್ ಹೊರಗೆ ಬಂದಾಗ ಅದರ ಮೈಯೇ ಎಲ್ಲವನ್ನೂ ಹೇಳುತ್ತಿತ್ತು. ಪ್ಲಾಸ್ಟಿಕ್ಕಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಉಜ್ಜಿ ಹೊಳಪೇರಿದ ಎರಡು ಪಟ್ಟೆಗಳಿದ್ದವು. ಮುಂದೆ ಮತ್ತು ಹಿಂದೆ ಲೋಹ ತಾಗಿದ ಗುರುತೇ ಇಲ್ಲದೆ, ಕೆಂಪು ಧೂಳು ತೆಳುವಾಗಿ, ಒಂದೇ ಸಮನಾಗಿ ಕೂತಿತ್ತು. ಅಂಚಿನ ಸುತ್ತ ಅಲ್ಯೂಮಿನಿಯಂ ಸವೆದು ಬಂದ ಕಡುಬೂದು ಬಣ್ಣದ ಜಿಡ್ಡು ಇತ್ತು.

ಇಲ್ಲಿ ಅಂಗಡಿಯವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬಿಬಿ86 ಕಪ್ಪುಗಳನ್ನು ಸ್ಪಷ್ಟವಾಗಿ ನಮೂದಿಸಿ ತರಿಸಿದರೆ, ಆನ್‌ಲೈನ್ ಅಂಗಡಿಯೊಂದು ಮೌಂಟನ್ ಬೈಕಿನ ಬಿಬಿ92 ಜೋಡಿಯನ್ನು ಕಳುಹಿಸಿತು. ಎರಡರ ವ್ಯಾಸವೂ 41 ಮಿ.ಮೀ. ಆಗಿರುವುದರಿಂದ ಅದು ಶೆಲ್ಲಿನೊಳಗೆ ಹೋಗುತ್ತದೆ, ಅಗಲ ಮಾತ್ರ ಬೇರೆ. ಅರಿಯದವರು ಒತ್ತಿ ಕೂರಿಸಿಬಿಟ್ಟರೆ ಮರಳಿಸುವ ದಾರಿಯೂ ಇಲ್ಲ. ಪೆಟ್ಟಿಗೆಯ ಮೇಲೆ ಶೆಲ್ಲಿನ ಅಗಲವನ್ನು ಸ್ಪಷ್ಟವಾಗಿ ಅಚ್ಚು ಮಾಡಿರುವಾಗ ಅದನ್ನು ಓದದೆ ಮಾಲು ಕಟ್ಟಿ ಕಳುಹಿಸುವುದು ಗಿರಾಕಿಗೆ ಮಾಡುವ ಅನ್ಯಾಯ. ಸರಿಯಾದ ಜೋಡಿ ಬರುವಷ್ಟರಲ್ಲಿ ಸವಾರಿಗೆ ಹೇಳಿ ಮಾಡಿಸಿದ ಹವೆ ಮುಗಿದಿತ್ತು. ಹೊಸ ಕಪ್ಪುಗಳು ಮೊದಮೊದಲು ಮೌನವಾಗಿದ್ದು, ಧೂಳು ಕುಡಿದ ಮೇಲೆ ಅದೇ ರಾಗ ತೆಗೆದವು. ದೋಷ ಕಪ್ಪಿನಲ್ಲಿಲ್ಲ, ಫ್ರೇಮಿನಲ್ಲಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಫ್ರೇಮನ್ನು ಹೊತ್ತು ಪೀಣ್ಯದ ಒಂದು ಸಣ್ಣ ಲೇತ್ ಕಾರ್ಖಾನೆಗೆ ಹೋದೆ. ವರ್ನಿಯರ್ ಕ್ಯಾಲಿಪರ್‌ನಿಂದ ಈ ಅಳತೆ ಆಗದು. ಅದರ ದವಡೆ ರಂಧ್ರದ ಬಾಯಿಯನ್ನಷ್ಟೇ ಮುಟ್ಟುತ್ತದೆ, ನೂರನೇ ಒಂದು ಮಿಲಿಮೀಟರಿನ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳಲೂ ಬಾರದು. ರಂಧ್ರದ ಒಳವ್ಯಾಸ ಅಳೆಯುವ, ಮೂರು ಬಿಂದುಗಳಲ್ಲಿ ತಾಗುವ ಬೋರ್ ಗೇಜ್ ಎಷ್ಟೇ ನಿಖರವಾಗಿದ್ದರೂ ಅಂಡಾಕಾರವನ್ನು ಹಿಡಿಯಲಾರದು, ಏಕೆಂದರೆ ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಡಿಮೆಯೊಡನೆ ಸರಿದೂಗಿಹೋಗುತ್ತದೆ. ಬೇಕಾದದ್ದು ಎರಡು ಬಿಂದುಗಳ ಡಯಲ್ ಬೋರ್ ಗೇಜ್. ಅದನ್ನು ಮೈಕ್ರೋಮೀಟರಿನಲ್ಲಿ 41.00ಕ್ಕೆ ಹೊಂದಿಸಿಕೊಂಡ ಮೇಸ್ತ್ರಿಯವರು ಬಲಗಡೆಯ ರಂಧ್ರದಲ್ಲಿ ನಿಧಾನವಾಗಿ ತಿರುಗಿಸುತ್ತ, "ಇದು ರೌಂಡ್ ಇಲ್ಲ ಸಾರ್, ಮೊಟ್ಟೆ ಆಗಿದೆ" ಎಂದರು. ಲಂಬವಾಗಿ 40.96, ಅಡ್ಡಲಾಗಿ 41.05. ಎಡಗಡೆ ಯಾವ ದಿಕ್ಕಿನಲ್ಲಿ ಹಿಡಿದರೂ 40.97ರ ಆಸುಪಾಸು. ಬಲಗಡೆಯ 0.09 ಮಿ.ಮೀ. ವ್ಯತ್ಯಾಸ ಕಪ್ಪಿನ ಮೇಲಿನ ಎರಡು ಪಟ್ಟೆಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತಿತ್ತು.

ಬಲಗಡೆಯೇ ಏಕೆ ಹೀಗಾಯಿತು? ಗ್ರ್ಯಾವೆಲ್ ಫ್ರೇಮಿನಲ್ಲಿ ಅಗಲ ಟೈರೂ ಹಲ್ಲುಚಕ್ರವೂ ಒಂದೇ ಇಕ್ಕಟ್ಟಿನಲ್ಲಿ ಹಾದುಹೋಗಬೇಕು. ಜಿಆರ್‌ಎಕ್ಸ್‌ನ ಚೈನ್‌ಲೈನನ್ನು, ಅಂದರೆ ಚೈನ್ ಓಡುವ ಗೆರೆಯನ್ನು, ರೋಡ್ ಕ್ರ್ಯಾಂಕಿಗಿಂತ 2.5 ಮಿ.ಮೀ. ಹೊರಗಿಟ್ಟಿರುವುದೂ ಇದೇ ಕಾರಣಕ್ಕೆ. ನನ್ನ ಫ್ರೇಮಿನಲ್ಲಿ ಜಾಗ ಹೊಂದಿಸಲು ಬಲ ಚೈನ್‌ಸ್ಟೇಯ (ಹಿಂಚಕ್ರದತ್ತ ಹೋಗುವ ಕೊಳವೆಯ) ಬುಡದಲ್ಲಿ ದಪ್ಪನೆಯ ತುಂಡೊಂದನ್ನು ಶೆಲ್ಲಿಗೆ ಬೆಸೆದಿದ್ದಾರೆ. ಬೆಸುಗೆ ತಣಿಯುವಾಗ ಲೋಹವನ್ನು ಎಳೆಯುತ್ತದೆ. ಆಮೇಲೆ 6061 ಮಿಶ್ರಲೋಹಕ್ಕೆ ಟಿ6 ಗಡಸುತನ ಬರಲೆಂದು ಫ್ರೇಮನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಥಟ್ಟನೆ ತಣಿಸಿದಾಗ ಇನ್ನಷ್ಟು ಸೊಟ್ಟಗಾಗುವ ಅವಕಾಶವಿದೆ. ಎಲ್ಲ ಮುಗಿದ ಮೇಲೆ ರಂಧ್ರವನ್ನು ರೀಮರ್ ಹಾಕಿ, ಅಂದರೆ ಒಳಗೆ ಹೆರೆದು ದುಂಡಾಗಿಸಿ, ಸರಿಪಡಿಸುವುದು ಕಾರ್ಖಾನೆಯ ಹೊಣೆ. ಆ ಹಂತದಲ್ಲಿ ಉಳಿಸಿದ ಕೆಲವು ನಿಮಿಷಗಳೇ ಏರಿನಲ್ಲಿ ನನ್ನ ಕಿವಿಗೆ ಬೀಳುತ್ತಿದ್ದವು ಎಂಬುದು ನನ್ನ ಬಲವಾದ ನಂಬಿಕೆ.

ಮುಂದಿನ ಫ್ರೇಮಿನ ಬಗ್ಗೆ ಆಗಲೇ ನಿರ್ಧರಿಸಿಬಿಟ್ಟೆ. ಅದು ಕ್ರೋಮೊಲಿ ಉಕ್ಕಿನದು, ಎಲ್ಲಕ್ಕಿಂತ ಮುಖ್ಯವಾಗಿ ಕಪ್ಪುಗಳನ್ನು ಒತ್ತುವ ಬದಲು ತಿರುಗಿಸಿ ಬಿಗಿಯುವ, 1.37 ಇಂಚು ವ್ಯಾಸದ, ಇಂಚಿಗೆ 24 ಎಳೆಗಳ ಹಳೆಯ ಬಿಎಸ್‌ಎ ಥ್ರೆಡ್. 47 ಮಿ.ಮೀ. ವ್ಯಾಸದ ಟಿ47 ಥ್ರೆಡ್ ಕೂಡ ಒಳ್ಳೆಯದೇ, 30 ಮಿ.ಮೀ. ಸ್ಪಿಂಡಲ್ ಹಾಕುವವರಿಗೆ ಅದು ಹೆಚ್ಚು ಹೊಂದುತ್ತದೆ. ಆದರೆ ಬಿಎಸ್‌ಎ ಥ್ರೆಡ್ ತುಸು ಕೆಟ್ಟರೆ ಟ್ಯಾಪ್ ಹಾಕಿಕೊಡಬಲ್ಲ ಹಳೆಯ ಸೈಕಲ್ ಅಂಗಡಿ ಸಣ್ಣ ಊರಿನಲ್ಲೂ ಸಿಕ್ಕೀತು ಎಂಬ ಧೈರ್ಯ ನನಗೆ ದೊಡ್ಡದು.

ಈಗಿನ ಫ್ರೇಮಿಗೆ ಮರಳೋಣ. ಪ್ಲಾಸ್ಟಿಕ್ ಕಪ್ಪಿನ ಸುತ್ತ ಸಂದು ತುಂಬಿ ಹಿಡಿಯುವ ಅಂಟಾದ ರಿಟೇನಿಂಗ್ ಕಾಂಪೌಂಡ್ ಹಚ್ಚುವ ಸಲಹೆ ಹಲವರಿಂದ ಬಂತು. ಆ ಅಂಟು ಗಟ್ಟಿಯಾಗಲು ಗಾಳಿ ತಪ್ಪಬೇಕು, ಲೋಹದ ಸಂಪರ್ಕವೂ ಬೇಕು. ಒಂದು ಬದಿ ಪ್ಲಾಸ್ಟಿಕ್ ಆದರೆ ಅದು ನೆಟ್ಟಗೆ ಕಚ್ಚುವುದಿಲ್ಲ, ಕೆಲವು ಪ್ಲಾಸ್ಟಿಕ್ಕುಗಳನ್ನು ತಿಂದೂಹಾಕುತ್ತದೆ. ಹಾಗಾಗಿ ವೀಲ್ಸ್ ಮ್ಯಾನುಫ್ಯಾಕ್ಚರಿಂಗ್ ಸಂಸ್ಥೆಯವರ, ಒಂದಕ್ಕೊಂದು ಥ್ರೆಡ್ ಆಗಿ ಸೇರುವ ಅಲ್ಯೂಮಿನಿಯಂ ಕಪ್ಪುಗಳನ್ನು ಆರಿಸಿಕೊಂಡೆ. ಇದರಲ್ಲಿ ಎರಡು ಭಾಗಗಳು ಶೆಲ್ಲಿನ ನಡುವೆ ಪರಸ್ಪರ ಬಿಗಿದುಕೊಳ್ಳುವುದರಿಂದ ಎರಡು ಬೇರಿಂಗುಗಳ ಅಕ್ಷ ಫ್ರೇಮಿನ ರಂಧ್ರಗಳನ್ನಷ್ಟೇ ಅವಲಂಬಿಸದೆ ಒಂದೇ ರೇಖೆಗೆ ಬರುತ್ತದೆ. ಆದರೆ ಬಿಗಿಯುವಾಗ ಅಂಚುಗಳು ಶೆಲ್ಲಿನ ಮುಖಗಳನ್ನು ಅಪ್ಪುವುದರಿಂದ ಆ ಮುಖಗಳು ಸಮಾನಾಂತರವಾಗಿರಲೇಬೇಕು. ಮೇಸ್ತ್ರಿಯವರು ಎಡಗಡೆಯ ರಂಧ್ರಕ್ಕೆ ಹೊಂದುವ ಮ್ಯಾಂಡ್ರಲ್ (ದುಂಡನೆಯ ದಿಂಡು) ಒಂದನ್ನು ಲೇತಿನಲ್ಲಿ ತಿರುವಿ, ಅದನ್ನೇ ಆಧಾರವಾಗಿಟ್ಟುಕೊಂಡು ಎರಡೂ ಮುಖಗಳ ಬಣ್ಣವನ್ನೂ ಕೂದಲೆಳೆಯಷ್ಟು ಲೋಹವನ್ನೂ ಹೆರೆದು ಸಮ ಮಾಡಿಕೊಟ್ಟರು.

ಬಲಗಡೆ ಉಳಿದ ಸಂದನ್ನು ತುಂಬಲು, ಮುಂದೆ ಬಿಚ್ಚಬೇಕಾದ ಭಾಗಗಳಿಗೆಂದೇ ಇರುವ ಲಾಕ್‌ಟೈಟ್ 641 ಎಂಬ ರಿಟೇನಿಂಗ್ ಕಾಂಪೌಂಡ್ ಬಳಸಿದೆ. ಅನೋಡೈಸ್ ಆದ ಅಲ್ಯೂಮಿನಿಯಂ ಈ ಅಂಟನ್ನು ಬೇಗ ಗಟ್ಟಿಯಾಗಿಸದ ಮಂದ ಲೋಹವಾದ್ದರಿಂದ, ಅಂಟನ್ನು ಚುರುಕುಗೊಳಿಸುವ ಆಕ್ಟಿವೇಟರ್ ಸಿಂಪಡಿಸುವುದನ್ನು ಬಿಡಬಾರದು. ನಡುವಿನ ಥ್ರೆಡ್‌ಗೆ ಗ್ರೀಸ್ ಬೇಕು, ಹೊರಮೈಗೆ ಅಂಟು ಬೇಕು. ಇವೆರಡೂ ಬೆರೆತರೆ ಅಂಟು ಕೆಲಸಕ್ಕೆ ಬಾರದಾಗುತ್ತದೆ. ಅದಕ್ಕಾಗಿ ಗ್ರೀಸನ್ನು ಸಣ್ಣ ಕುಂಚದಿಂದ ಥ್ರೆಡ್‌ನ ಮೊದಲ ಕೆಲವು ಸುತ್ತುಗಳಿಗಷ್ಟೇ ಸವರಿ, ಅಂಟನ್ನು ಬೇರಿಂಗಿನಿಂದ ದೂರಕ್ಕೆ ಒಂದು ತೆಳು ಉಂಗುರವಾಗಿ ಹಚ್ಚಿದೆ. ಒಂದು ಇಡೀ ದಿನ ಮುಟ್ಟದೆ ಬಿಟ್ಟು, ಆಮೇಲೆ ಕ್ರ್ಯಾಂಕ್ ಹಾಕಿ, ಎಡ ಕ್ರ್ಯಾಂಕ್ ತೋಳಿನ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ 12ರಿಂದ 14 ನ್ಯೂಟನ್ ಮೀಟರಿನ ಮಿತಿಯೊಳಗೆ ಬಿಗಿದೆ. ಬೇರಿಂಗಿನ ಸಡಿಲ ತೆಗೆಯುವ ಪ್ರಿಲೋಡ್ ಮುಚ್ಚಳಕ್ಕೆ 0.7ರಿಂದ 1.5 ಸಾಕು, ಅದು ಬೆರಳ ಬಲದ ಕೆಲಸ.

ಆ ಮೇಲೆ ಅದೇ ಕೆಮ್ಮಣ್ಣಿನ ಏರುಗಳಲ್ಲಿ ಒಣ ಧೂಳಿನಲ್ಲೂ, ಒಂದು ಜಡಿಮಳೆಯ ಮರುದಿನವೂ ತುಳಿದಿದ್ದೇನೆ. ಚೈನಿನ ಸದ್ದು ಮತ್ತು ಟೈರಿನಡಿಯ ಜಲ್ಲಿಯ ಸದ್ದು ಬಿಟ್ಟು ಬೇರೇನೂ ಇಲ್ಲ. ಫ್ರೇಮಿನ ಅಡಿಯಲ್ಲಿ ನೀರು ಬಸಿಯುವ ತೂತಿಲ್ಲದ ಕಾರಣ, ಮಳೆಯಲ್ಲಿ ಹೋಗಿ ಬಂದಾಗ ಸೀಟ್ ಪೋಸ್ಟ್ ತೆಗೆದು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಇನ್ನುಳಿದದ್ದು ಬಿಡಿ ಬೇರಿಂಗಿನ ಚಿಂತೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 6805 ಬೇರಿಂಗಿನ ಅಳತೆ (ಒಳವ್ಯಾಸ, ಹೊರವ್ಯಾಸ, ಅಗಲ, ಮಿ.ಮೀ.ಗಳಲ್ಲಿ) 25×37×7, ಈ ಕಪ್ಪಿಗೆ ಬೇಕಾದದ್ದು 24×37×7. ಆ ಒಂದು ಮಿಲಿಮೀಟರಿಗಾಗಿ ಒಂದು ಜೋಡಿಯನ್ನು ಈಗಲೇ ಹೊರಗಿನಿಂದ ತರಿಸಿ ಇಟ್ಟುಕೊಳ್ಳುತ್ತಿದ್ದೇನೆ.