ಐದೂವರೆಗೆ ಬಂದ ಏಜೆಂಟ್

ಎಲೆಕ್ಷನ್ ಡ್ಯೂಟಿ ಆರ್ಡರ್ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಬಿಪಿ, ಶುಗರ್ ಇದ್ದವರು ಹಳೇ ಫೈಲು ಕೆದಕುತ್ತಾರೆ, ಇಲ್ಲದವರು ಇದ್ದಿದ್ದರೆ ಚೆನ್ನಾಗಿತ್ತು ಅಂದುಕೊಳ್ಳುತ್ತಾರೆ. 2024ರ ಲೋಕಸಭಾ ಚುನಾವಣೆಗೆ ನನ್ನನ್ನು ಪಿಆರ್‌ಒ ಮಾಡಿದ್ದರು. ಪಿಆರ್‌ಒ ಅಂದರೆ ಪ್ರಿಸೈಡಿಂಗ್ ಆಫೀಸರ್, ಮತಗಟ್ಟೆಗೆ ಯಜಮಾನ, ಏನೇ ಎಡವಟ್ಟಾದರೂ ನೋಟಿಸು ಅವನ ಹೆಸರಿಗೇ. ತುಮಕೂರು ಜಿಲ್ಲೆಯ ಒಂದು ಹಳ್ಳಿ, ಅಲ್ಲಿನ ಸರ್ಕಾರಿ ಶಾಲೆಯೇ ಬೂತು. ಏಪ್ರಿಲ್ 26, ಶುಕ್ರವಾರ. ರಾಜ್ಯದ ದಕ್ಷಿಣ ಭಾಗದ 14 ಕ್ಷೇತ್ರಗಳಿಗೆ ಅವತ್ತು ಮತದಾನ. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟು ಇವಿಎಂ ಬಗ್ಗೆ ತೀರ್ಪು ಕೊಡಲಿದೆ ಅನ್ನುವುದು ಡ್ಯೂಟಿ ಬ್ಯಾಗು ಹೊತ್ತು ಬಸ್ಸು ಹತ್ತುವ ನಮ್ಮ ಗಮನದಲ್ಲಿರಲಿಲ್ಲ.

ಆದರೆ ಇವಿಎಂ ಬಗ್ಗೆ ಅನುಮಾನದ ಮಾತು ಎಲ್ಲ ಕಡೆ ಇತ್ತು. ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಕೊನೆಗೆ ತರಬೇತಿ ಹಾಲಿನಲ್ಲೂ. ಕಾಸರಗೋಡಿನಲ್ಲಿ ಮಾಕ್ ಪೋಲ್, ಅಂದರೆ ಯಂತ್ರದ ಪರೀಕ್ಷೆಗೆ ಅಣಕು ಮತದಾನ ಮಾಡುವಾಗ ಬಿಜೆಪಿಗೆ ಒಂದು ಚೀಟಿ ಹೆಚ್ಚಿಗೆ ಬರುತ್ತಿದೆ ಎಂಬ ಸುದ್ದಿ ಆ ತಿಂಗಳು ಎಲ್ಲರ ಮೊಬೈಲಿಗೂ ಬಂದಿತ್ತು. ಏಪ್ರಿಲ್ 18ರಂದು ಅದು ಸುಪ್ರೀಂ ಕೋರ್ಟಿನಲ್ಲೂ ಪ್ರಸ್ತಾಪವಾಯಿತು, ಸುದ್ದಿ ಸುಳ್ಳು ಎಂದು ಚುನಾವಣಾ ಆಯೋಗ ಹೇಳಿತು. ಹಾಗಾದರೆ ಆ ಚೀಟಿ ಯಾವುದು ಎಂದು ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು. ಯಂತ್ರವನ್ನು ಸಜ್ಜು ಮಾಡುವಾಗ, ಒತ್ತಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್‌ನಿಂದ ಬರುವ, ಎಣಿಕೆಗೆ ಸೇರದ ಚೀಟಿ ಅದು ಎಂದು ತರಬೇತುದಾರರು ಹೇಳಿದರು. ಕೇಳಿದವರಿಗೆ ಸಮಾಧಾನವಾಯಿತೋ ಇಲ್ಲವೋ, ಅಷ್ಟರಲ್ಲಿ ಊಟದ ಬೆಲ್ಲು ಹೊಡೆಯಿತು.

ಯಂತ್ರ ಪಡೆಯುವ ಮಸ್ಟರಿಂಗ್ ಸೆಂಟರಿನ ರಗಳೆ ಕಂಡವರಿಗೇ ಗೊತ್ತು, ಅದನ್ನು ಬಿಡುತ್ತೇನೆ. ಆ ವರ್ಷ ಬರ, ಬಿಸಿಲು ಸುಡುತ್ತಿತ್ತು. ಸಂಜೆ ಹಳ್ಳಿ ಮುಟ್ಟಿದಾಗ ಮೂರು ಪೆಟ್ಟಿಗೆಗಳನ್ನೂ ಗೋಡೆ ಬದಿ ಇಟ್ಟು, ಅವುಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡೆವು. ಮತದ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್, ಗುಂಡಿಗಳಿರುವ ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್. ನಂಬರುಗಳನ್ನು ಪಟ್ಟಿಯೊಂದಿಗೆ ಹೋಲಿಸಿ ನೋಡಿಯೇ ತಂದಿದ್ದೆವು. ಯಾವ ಯಂತ್ರ ಯಾವ ಬೂತಿಗೆ ಎಂಬುದನ್ನು ಕಂಪ್ಯೂಟರು ಎರಡು ಸುತ್ತು ಕಲಸಿ ಹಂಚುತ್ತದೆ. ಆ ನಂಬರುಗಳ ಪಟ್ಟಿ ಅಭ್ಯರ್ಥಿಗಳಿಗೂ ಹೋಗಿರುತ್ತದೆ. ಹೋಗಿದ್ದನ್ನು ತೆಗೆದು ನೋಡುವವರು ಎಷ್ಟು ಜನ ಅನ್ನುವುದು ಬೇರೆ ಮಾತು.

ಮತದಾನ ಏಳಕ್ಕೆ ಶುರುವಾದರೆ ಮಾಕ್ ಪೋಲ್ ಅದಕ್ಕೂ ತೊಂಬತ್ತು ನಿಮಿಷ ಮುಂಚೆ, ಅಂದರೆ ಐದೂವರೆಗೆ. ಅಭ್ಯರ್ಥಿಗಳ ಪರವಾಗಿ ಬೂತಿನಲ್ಲಿ ಕೂರುವ ಏಜೆಂಟರ ಎದುರೇ ಆಗಬೇಕು. ಬರದಿದ್ದರೆ ಹದಿನೈದು ನಿಮಿಷ ಕಾದು ಶುರು ಮಾಡಬಹುದು. ಹಿಂದಿನ ರಾತ್ರಿ ಮೂರು ಪಕ್ಷದವರೂ ಬಂದು, "ಸಾರ್, ಐದಕ್ಕೆಲ್ಲ ಇಲ್ಲಿರ್ತೀವಿ" ಎಂದು ಹೋಗಿದ್ದರು. ಐದೂವರೆಗೆ ಬಾಗಿಲಲ್ಲಿ ನಿಂತಿದ್ದವರು ಒಬ್ಬರೇ. ಅರವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಟವೆಲ್ಲು, ಜೇಬಿನಲ್ಲಿ ಪೆನ್ಸಿಲ್. ಊರವರು ಅವರನ್ನು ಯಜಮಾನ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎರಡನೆಯವನು ಐದು ಮುಕ್ಕಾಲಿಗೆ ಕಣ್ಣುಜ್ಜಿಕೊಂಡು ಬಂದ. ಮೂರನೆಯವನ ಸುಳಿವಿಲ್ಲ.

"ಮೇಷ್ಟ್ರೇ, ನಂಗೆ ಈ ಮಿಷನ್ ಮೇಲೆ ನಂಬ್ಕೆ ಇಲ್ಲ. ಮುಂಚೇನೇ ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕಬೇಡಿ" ಅಂದರು ಯಜಮಾನ್ರು.

"ಬೇಜಾರೇನು ಬನ್ನಿ, ನೋಡೋಕೆ ತಾನೇ ಕರ್ದಿರೋದು" ಅಂದೆ.

ಅವರು ನೋಡಿದ ರೀತಿಯೇ ಬೇರೆ. ಕಂಟ್ರೋಲ್ ಯೂನಿಟ್ಟಿನಲ್ಲಿ ಎಲ್ಲರ ಲೆಕ್ಕ ಸೊನ್ನೆ ಎಂದು ತೋರಿಸುವಾಗ ಬಗ್ಗಿ ಒಂದೊಂದೇ ಓದಿದರು. ವಿವಿಪ್ಯಾಟಿನ ಚೀಟಿ ಬೀಳುವ ಡಬ್ಬ ತೆಗೆಸಿ, ಒಳಗೆ ಮೊಬೈಲಿನ ಟಾರ್ಚು ಹಾಕಿಸಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡರು. ಕನಿಷ್ಠ ಐವತ್ತು ಮತ ಹಾಕಬೇಕೆಂಬುದು ನಿಯಮ, ನೋಟಾ ಸೇರಿ ಪ್ರತಿ ಗುಂಡಿಗೂ ಬರಬೇಕು. ಎಷ್ಟೋ ಕಡೆ ಬೇಗ ಮುಗಿಯಲೆಂದು ಸಿಬ್ಬಂದಿಯೇ ಸಾಲಾಗಿ ಒತ್ತಿಬಿಡುತ್ತಾರೆ. ಯಜಮಾನ್ರು ಬಿಡಲಿಲ್ಲ. ತಾವೇ ಒತ್ತಿದರು, ಅದೂ ಸಾಲಾಗಿ ಅಲ್ಲ. ಒಂದಕ್ಕೆ ಎರಡು ಸಲ, ಆಮೇಲೆ ಕೊನೆಯದಕ್ಕೆ, ಮತ್ತೆ ನಡುವಿನದಕ್ಕೆ. ಪ್ರತಿ ಸಲ ಕಿಟಕಿಯಲ್ಲಿ ಚೀಟಿ ನಿಲ್ಲುವ ಏಳು ಸೆಕೆಂಡೂ ಅದನ್ನೇ ನೋಡಿ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದರು. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ.

ಆಮೇಲೆ ಕ್ಲೋಸ್, ರಿಸಲ್ಟ್. ಡಿಸ್‌ಪ್ಲೇಯಲ್ಲಿ ಒಬ್ಬೊಬ್ಬರ ಲೆಕ್ಕ ಬಂತು. ಚೀಟಿಗಳನ್ನು ಟೇಬಲ್ ಮೇಲೆ ಸುರಿದು ಚಿಹ್ನೆವಾರು ಗುಡ್ಡೆ ಮಾಡಿದೆವು. ಎಟಿಎಂ ಚೀಟಿಯಂಥದೇ ಕಾಗದ, ಅದರ ಮೇಲೆ ಕ್ರಮಸಂಖ್ಯೆ, ಹೆಸರು, ಚಿಹ್ನೆ. ಯಂತ್ರದ ಲೆಕ್ಕ, ಚೀಟಿಯ ಲೆಕ್ಕ, ಕ್ಯಾಲೆಂಡರ್ ಹಾಳೆಯ ಲೆಕ್ಕ ಮೂರೂ ಒಂದೇ ಬಂತು. ಯಜಮಾನ್ರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಈಗ ಸರಿ ಇದೆ" ಅಂದರು. 'ಈಗ'ಕ್ಕೆ ಒತ್ತು ಕೊಟ್ಟು.

ಕ್ಲಿಯರ್ ಗುಂಡಿ ಒತ್ತಿ ಮತ್ತೆ ಸೊನ್ನೆ ತೋರಿಸಿದೆ. ಮಾಕ್ ಪೋಲಿನ ಮತ ಅಳಿಸದೇ ಮತದಾನ ಶುರು ಮಾಡಿದ ಬೂತುಗಳ ಕಥೆ ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ. ಎಣಿಕೆಯ ದಿನ ತಾಳೆಯಾಗದೆ ಗಲಾಟೆಯಾಗುವುದು ಇಂಥ ಕಡೆಯೇ. ಚೀಟಿಗಳ ಹಿಂದೆ 'ಮಾಕ್ ಪೋಲ್' ಸೀಲು ಹೊಡೆದು, ದಪ್ಪ ಕಪ್ಪು ಲಕೋಟೆಗೆ ತುಂಬಿ, ಡಬ್ಬಿಗೆ ಹಾಕಿ ಗುಲಾಬಿ ಬಣ್ಣದ ಪೇಪರ್ ಸೀಲು ಅಂಟಿಸಿದೆವು. ಕಂಟ್ರೋಲ್ ಯೂನಿಟ್ಟಿನ ರಿಸಲ್ಟ್ ಭಾಗಕ್ಕೆ ಹಸಿರು ಸೀಲು. ಅದರ ನಂಬರನ್ನು ಯಜಮಾನ್ರು ಬರೆದುಕೊಂಡರು. ಎರಡನೇ ಏಜೆಂಟು ನಂಬರು ನೋಡದೆ ಸಹಿ ಮಾಡಿದ. ಮೂರನೆಯವನು ಏಳಕ್ಕೆ ಐದು ನಿಮಿಷ ಇದ್ದಾಗ ಬಂದು, "ಎಲ್ಲಿ ಸಾರ್ ಸೈನು?" ಅಂದ.

ಮಧ್ಯಾಹ್ನದವರೆಗೆ ಜನವೋ ಜನ. ಒಬ್ಬ ಅಜ್ಜಿ ಮತ ಹಾಕಿ ಬಂದವರು ಕೈಚಾಚಿ ನಿಂತರು. "ಚೀಟಿ ಕೊಡಪ್ಪ." ಅದು ಒಳಗೇ ಬೀಳುತ್ತದೆ ಎಂದು ಹೇಳಿದರೂ ಒಪ್ಪಿಗೆಯಾಗಲಿಲ್ಲ. "ಮತ್ತೆ ನಂಗೇನ್ ಗುರ್ತು?" ಎಂದು ಶಾಯಿ ಹಚ್ಚಿದ ಬೆರಳು ನೋಡಿಕೊಂಡು ಹೋದರು. ಚೀಟಿ ಮತದಾರರ ಕೈಗೆ ಬರಲಿ, ಅವರೇ ಅದನ್ನು ಪೆಟ್ಟಿಗೆಗೆ ಹಾಕಲಿ ಎಂಬುದು ಸುಪ್ರೀಂ ಕೋರ್ಟಿನ ಮುಂದಿದ್ದ ಬೇಡಿಕೆಗಳಲ್ಲಿ ಒಂದಾಗಿತ್ತು ಎಂದು ಆಮೇಲೆ ಓದಿದೆ. ದೊಡ್ಡ ವಕೀಲರು ಕೇಳಿದ್ದನ್ನೇ ಅಜ್ಜಿಯೂ ಕೇಳಿದ್ದರು.

ಹನ್ನೊಂದರ ಸುಮಾರಿಗೆ ಒಬ್ಬ ಹುಡುಗ ಕಂಪಾರ್ಟ್‌ಮೆಂಟಿನಿಂದ ಆಚೆ ಬಂದವನೇ, "ನಾನ್ ಒತ್ತಿದ್ದು ಒಂದು, ಬಂದಿದ್ದು ಇನ್ನೊಂದು" ಅಂದ. ಬೂತು ಗಪ್ಪೆಂದಿತು. ಇದಕ್ಕೂ ನಿಯಮವಿದೆ. ದೂರಿದವನಿಂದ ಬರವಣಿಗೆಯಲ್ಲಿ ಘೋಷಣೆ ತೆಗೆದುಕೊಂಡು, ಪಿಆರ್‌ಒ ಮತ್ತು ಏಜೆಂಟರ ಎದುರು ಒಂದು ಪರೀಕ್ಷಾ ಮತ ಹಾಕಿಸಬೇಕು. ಚೀಟಿ ತಪ್ಪು ಬಂದರೆ ಮತದಾನ ಅಲ್ಲಿಗೇ ನಿಲ್ಲುತ್ತದೆ. ಸರಿ ಬಂದರೆ ಸುಳ್ಳು ಹೇಳಿದ ಅಪರಾಧ, ಆರು ತಿಂಗಳವರೆಗೆ ಜೈಲು, ಇಲ್ಲವೇ ಆಗ ಇದ್ದಂತೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಫಾರಂ ತೆಗೆದು ಅವನಿಗೆ ಓದಿ ಹೇಳಿದೆ. ಓದಿ ಹೇಳುವುದು ನನ್ನ ಕೆಲಸ. ಜೈಲು ಅನ್ನುವ ಪದ ಬಂದಾಗ ಅವನ ಮುಖ ಇಳಿಯಿತು. "ಬೇಡ ಬಿಡಿ ಸಾರ್, ನಂಗೇ ಸರಿಯಾಗ್ ಕಾಣ್ಲಿಲ್ವೇನೋ" ಎಂದು ಹೊರಟೇಬಿಟ್ಟ.

ಯಜಮಾನ್ರು ಕೂತಲ್ಲಿಂದಲೇ ಅಂದರು: "ಹಂಗ್ ಹೆದ್ರಿಸಿದ್ರೆ ಯಾವನ್ ಬರ್ತಾನೆ ಮೇಷ್ಟ್ರೇ? ಸುಳ್ಳೋ ನಿಜಾನೋ ಗೊತ್ತಾಗೋದ್ ಹೆಂಗೆ?"

ಹುಡುಗ ತಪ್ಪು ನೋಡಿದ್ದಾನೆ ಎಂದೇ ನನ್ನ ಅಂದಾಜು. ಆದರೆ ಅಂದಾಜು ಅಷ್ಟೇ. ಒಂದು ಪರೀಕ್ಷಾ ಮತಕ್ಕೆ ಎರಡು ನಿಮಿಷವೂ ಬೇಡ. ಸುಮ್ಮಸುಮ್ಮನೆ ದೂರಿ ಮತದಾನ ಕೆಡಿಸುವವರೂ ಇರುತ್ತಾರೆ, ಅವರಿಗೆ ಅಂಕುಶ ಬೇಕು, ಒಪ್ಪುತ್ತೇನೆ. ಆದರೂ ಕಣ್ಣಿಗೆ ಕಂಡಿದ್ದು ತಪ್ಪಾಯಿತು ಅನ್ನುವುದಕ್ಕೂ ಬೇಕೆಂದೇ ಸುಳ್ಳು ಹೇಳುವುದಕ್ಕೂ ವ್ಯತ್ಯಾಸವಿದೆಯಲ್ಲ. ಈ ನಿಯಮದಿಂದ ದೂರು ಕಮ್ಮಿಯಾಗಬಹುದು, ಅನುಮಾನ ಕಮ್ಮಿಯಾಗದು. ಆ ಹುಡುಗ ಊರ ಕಟ್ಟೆಯ ಮೇಲೆ ಕೂತು ಏನು ಹೇಳಿರಬಹುದು ಎಂದು ನನಗೆ ಈಗಲೂ ಅನಿಸುತ್ತದೆ.

ಮಧ್ಯಾಹ್ನ ಎರಡನೇ ಏಜೆಂಟಿನ ಬದಲಿಗೆ ಬಂದವನು ಸುದ್ದಿ ತಂದ. ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಾಂಕರ್ ದತ್ತಾ ಅವರ ಪೀಠ ಬ್ಯಾಲೆಟ್ ಪೇಪರಿಗೆ ಮರಳುವುದೂ ಬೇಡ, ವಿವಿಪ್ಯಾಟ್ ಚೀಟಿಗಳನ್ನು ಪೂರ್ತಿ ಎಣಿಸುವುದೂ ಬೇಡ ಎಂದಿತ್ತು. 2019ರಲ್ಲಿ ಕೋರ್ಟು ಹೇಳಿದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಬೂತುಗಳ ಚೀಟಿ ಎಣಿಸುವುದು ಮುಂದುವರಿಯುತ್ತದೆ. ಹೊಸದಾಗಿ ಸೇರಿದ್ದು ಎರಡು. ಚಿಹ್ನೆಗಳನ್ನು ವಿವಿಪ್ಯಾಟಿಗೆ ತುಂಬುವ ಯೂನಿಟ್ಟುಗಳನ್ನು ಸೀಲು ಮಾಡಿ 45 ದಿನ ಇಡಬೇಕು. ಎರಡನೇ, ಮೂರನೇ ಸ್ಥಾನಕ್ಕೆ ಬಂದವರು ಹಣ ಕಟ್ಟಿ ಕೇಳಿದರೆ ಶೇ 5ರಷ್ಟು ಯಂತ್ರಗಳ ಮೆಮೊರಿ ಚಿಪ್ಪನ್ನು ತಯಾರಕರ ಎಂಜಿನಿಯರುಗಳು ಪರಿಶೀಲಿಸಬೇಕು. ಅಂದರೆ ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್. "ಮಾಡಿದೋರೇ ನೋಡೋದಾ?" ಅಂದರು ಯಜಮಾನ್ರು. ಸಿಬ್ಬಂದಿ ನಕ್ಕೆವು, ಉತ್ತರ ಮಾತ್ರ ನಮ್ಮಲ್ಲಿರಲಿಲ್ಲ. ಚಿಪ್ಪಿನ ಒಳಗೆ ಏನಿದೆ ಎಂದು ಹೇಳಲು ನನಗೂ ಬಾರದು. ನಾನು ಸಾಕ್ಷಿ ಹೇಳಬಹುದಾದದ್ದು ಸೊನ್ನೆಗೆ, ಸೀಲಿಗೆ, ಚೀಟಿಗೆ, ಕಾಗದಕ್ಕೆ.

ಬಿಡುವಿನಲ್ಲಿ ಅವರಿಗೆ ಕೇರಳದ ಪರವೂರಿನ ಕಥೆ ಹೇಳಿದೆ. ಈ ಯಂತ್ರ ಮೊದಲು ಬಳಸಿದ್ದು 1982ರಲ್ಲಿ, ಅಲ್ಲಿನ 50 ಬೂತುಗಳಲ್ಲಿ. ಸಿಪಿಐನ ಶಿವನ್ ಪಿಳ್ಳೈ ಯಂತ್ರ ಬೇಡವೆಂದು ಮತದಾನಕ್ಕೆ ಮುಂಚೆಯೇ ಹೈಕೋರ್ಟಿಗೆ ಹೋಗಿ ಸೋತರು. ಕೊನೆಗೆ ಅದೇ ಚುನಾವಣೆಯಲ್ಲಿ 123 ಮತಗಳಿಂದ ಗೆದ್ದರು! ಆಗ ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ಕೋರ್ಟಿಗೆ ಹೋದರು. ಯಂತ್ರಕ್ಕೆ ಕಾನೂನಿನ ಆಧಾರವೇ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಹೇಳಿ, ಆ ಬೂತುಗಳಲ್ಲಿ ಬ್ಯಾಲೆಟ್ಟಿನಲ್ಲಿ ಮರುಮತದಾನವಾಗಿ ಜೋಸ್ ಗೆದ್ದರು. 2009ರಲ್ಲಿ ಸೋತಾಗ ಬ್ಯಾಲೆಟ್ ಬೇಕು ಎಂದವರು ಬಿಜೆಪಿಯ ಅಡ್ವಾಣಿ. ಈಗ ಕೇಳುತ್ತಿರುವವರು ಕಾಂಗ್ರೆಸ್ಸಿನವರು. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಂಪುಟವೂ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಬ್ಯಾಲೆಟ್ ಪೇಪರೇ ಇರಲಿ ಎಂದು ಶಿಫಾರಸು ಮಾಡಿತು. ಪಂಚಾಯ್ತಿ ಚುನಾವಣೆಯ ಬ್ಯಾಲೆಟ್ ಎಣಿಸಿ ಸುಸ್ತಾದ ನಮ್ಮಂಥವರಿಗೆ ಅದರ ಜಗಳಗಳೂ ಗೊತ್ತು. ಮುದ್ರೆ ಗೆರೆಯ ಮೇಲೆ ಬಿತ್ತು, ಮಡಿಸುವಾಗ ಶಾಯಿ ಆಚೆ ಅಂಟಿತು, ಈ ಮತ ಸಿಂಧುವೋ ಅಸಿಂಧುವೋ. ಖಾಲಿ ಪೆಟ್ಟಿಗೆಯನ್ನು ಏಜೆಂಟರಿಗೆ ತೋರಿಸುವುದು ಅಲ್ಲೂ ಬೆಳಗ್ಗೆಯೇ, ಅವರು ಬಂದಿದ್ದರೆ.

ಸಂಜೆ ಆರಕ್ಕೆ ಗೇಟು ಹಾಕಿ, ಸಾಲಿನಲ್ಲಿದ್ದವರಿಗೆ ಸರದಿ ಚೀಟಿ ಕೊಟ್ಟು ಮುಗಿಸಿ ಕ್ಲೋಸ್ ಗುಂಡಿ ಒತ್ತಿದೆ. ಆ ದಿನದ ಅತಿ ಮುಖ್ಯ ಕಾಗದ ಬರೆಯುವುದು ಆಗಲೇ. ಫಾರಂ 17ಸಿ. ಯಂತ್ರದಲ್ಲಿ ದಾಖಲಾದ ಮತ ಎಷ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಿದವರು ಎಷ್ಟು, ಸೀಲುಗಳ ನಂಬರು ಯಾವುವು, ಎಲ್ಲ ಅದರಲ್ಲಿರುತ್ತದೆ. ಹಾಜರಿರುವ ಪ್ರತಿ ಏಜೆಂಟಿಗೂ ಅದರ ಪ್ರತಿ ಕೊಡಬೇಕು. ಎಣಿಕೆಯ ದಿನ ಯಂತ್ರ ಬದಲಾಗಿದೆಯೇ, ಮತ ಹೆಚ್ಚು ಕಮ್ಮಿಯಾಗಿದೆಯೇ ಎಂದು ಹೊರಗಿನವರು ಹಿಡಿದು ಕೇಳಲು ಇರುವ ಪುರಾವೆ ಅದೊಂದೇ.

ಪ್ರತಿಗಳನ್ನು ಬರೆದು ತಲೆ ಎತ್ತಿದೆ. ಬೆಳಗ್ಗೆ ತಡವಾಗಿ ಬಂದವನು ಸಂಜೆ ಮೊದಲೇ ಹೋಗಿದ್ದ. ಬದಲಿ ಬಂದಿದ್ದವನು, "ವಾಟ್ಸಾಪ್ ಮಾಡ್ಬಿಡಿ ಸಾರ್" ಎಂದು ಬೈಕು ಹತ್ತಿದ. ಕೂಗಿ ಕರೆದರೂ ನಿಲ್ಲಲಿಲ್ಲ. ಯಜಮಾನ್ರು ಒಬ್ಬರೇ ತಮ್ಮ ಪ್ರತಿಯನ್ನು ಕನ್ನಡಕ ಏರಿಸಿ ಓದಿ, ಹಸಿರು ಸೀಲಿನ ನಂಬರನ್ನು ಬೆಳಗಿನ ಹಾಳೆಯ ಜೊತೆ ಹೋಲಿಸಿ, ಮಡಿಸಿ ಜೇಬಿಗಿಟ್ಟರು.

ಯಂತ್ರ ಹಿಂದಿರುಗಿಸುವ ಡಿಮಸ್ಟರಿಂಗ್ ಮುಗಿಸಿ ಮನೆ ಸೇರಿದಾಗ ನಡುರಾತ್ರಿ ದಾಟಿತ್ತು. ಚಾಮರಾಜನಗರ ಜಿಲ್ಲೆಯ ಇಂಡಿಗನತ್ತದಲ್ಲಿ ಅವತ್ತು ಮತಗಟ್ಟೆಗೇ ನುಗ್ಗಿ ಇವಿಎಂ ಒಡೆದಿದ್ದರೆಂಬ ಸುದ್ದಿ ಮಾರನೇ ದಿನ ಓದಿದೆ. ಅಲ್ಲಿನವರ ಸಿಟ್ಟು ಯಂತ್ರದ ಮೇಲಲ್ಲ, ಸವಲತ್ತು ಕೊಡದವರ ಮೇಲೆ. ಏಪ್ರಿಲ್ 29ರಂದು ಮರುಮತದಾನವಾಯಿತು.

ಮೇ ತಿಂಗಳಲ್ಲಿ 17ಸಿ ಫಾರಂ ದೇಶಕ್ಕೆಲ್ಲ ಪರಿಚಯವಾಯಿತು. ಮೊದಲು ಹೇಳಿದ ಮತ ಪ್ರಮಾಣಕ್ಕೂ ಆಮೇಲೆ ಹೇಳಿದ್ದಕ್ಕೂ ವ್ಯತ್ಯಾಸವಿದೆ, ಬೂತುವಾರು ಲೆಕ್ಕ ಪ್ರಕಟಿಸಿ ಎಂದು ಕೆಲವರು ಕೋರ್ಟಿಗೆ ಹೋದರು. ಅದರ ಪ್ರತಿ ಏಜೆಂಟರಿಗೆ ಕೊಟ್ಟೇ ಇರುತ್ತೇವಲ್ಲ ಎಂದು ಆಯೋಗ ಹೇಳಿತು. ಚುನಾವಣೆಯ ನಡುವೆ ಆದೇಶ ಕೊಡುವುದಿಲ್ಲವೆಂದು ಮೇ 24ರಂದು ಸುಪ್ರೀಂ ಕೋರ್ಟು ಹೇಳಿತು. ಮಾರನೇ ದಿನ ಆಯೋಗ ಕ್ಷೇತ್ರವಾರು ಅಂಕಿಗಳನ್ನು ಹೊರಹಾಕಿತು, ಬೂತುವಾರು ಅಲ್ಲ. ಟಿವಿಯಲ್ಲಿ ಈ ಚರ್ಚೆ ನೋಡುವಾಗ ಆ ಬೈಕಿನವನ ಬೆನ್ನು ಕಣ್ಣ ಮುಂದೆ ಬಂತು. ಬೂತುವಾರು ಲೆಕ್ಕವನ್ನು ಜಾಲತಾಣದಲ್ಲಿ ಹಾಕಲು ಏನು ಕಷ್ಟ ಎಂಬ ಪ್ರಶ್ನೆ ನನಗೂ ಇದೆ. ಜೊತೆಗೆ, ಕೈಗೆ ಕೊಡಲು ಬಂದ ಕಾಗದ ಬಿಟ್ಟುಹೋದವನ ಪಕ್ಷಕ್ಕೆ ಅದನ್ನು ಕೇಳುವ ಬಾಯಿ ಎಲ್ಲಿಂದ ಬರಬೇಕು?

ಫಲಿತಾಂಶ ಬಂದ ಮೇಲೆ ಒಂದು ದಿನ ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಯಜಮಾನ್ರು ಸಿಕ್ಕಿದರು. ಅವರ ಪಕ್ಷಕ್ಕೆ ಆ ಬೂತಿನಲ್ಲಿ ಕಮ್ಮಿ ಮತ ಬಿದ್ದಿತ್ತು. ಚೀಟಿ ಎಣಿಸುವ ಐದು ಬೂತುಗಳ ಲಾಟರಿಯಲ್ಲಿ ನಮ್ಮದು ಬಂದಿರಲಿಲ್ಲ. ಆದರೆ ಅವರ 17ಸಿ ಪ್ರತಿ ಎಣಿಕೆ ಕೇಂದ್ರಕ್ಕೆ ಹೋಗಿತ್ತು, ಒಟ್ಟು ಮತ ಮತ್ತು ಸೀಲಿನ ನಂಬರು ಎರಡನ್ನೂ ಅವರ ಕಡೆಯವರು ಟೇಬಲ್ಲಿನ ಮುಂದೆ ನಿಂತು ತಾಳೆ ನೋಡಿದ್ದರಂತೆ.

"ಈಗ ಮಿಷನ್ ಮೇಲೆ ನಂಬಿಕೆ ಬಂತಾ ಯಜಮಾನ್ರೇ?" ಎಂದು ಕೇಳಿದೆ.

"ನಮ್ ಬೂತಿಂದ್ ಲೆಕ್ಕ ಸರಿ ಹೋಯ್ತು, ಅಷ್ಟ್ ಹೇಳ್ತೀನಿ. ಪಕ್ಕದ್ ಊರಾಗೆ ನಮ್ ಏಜೆಂಟ್ ಒಬ್ಬ ಇದ್ದ, ಬರೀ ಮೋಸ ಮೋಸ ಅಂತಾನೆ. ಎಲ್ಲಪ್ಪಾ ನಿನ್ ಕಾಗ್ದ ಅಂದ್ರೆ, ಇಸ್ಕೊಂಡೇ ಇಲ್ಲ ನನ್ ಮಗ."